ಬಂದೇನವಾಜ ಬರುವತನಕ

ಮುಂಜಾನಿ ಐದಕ್ಕ ಮೋಡ ಕವಿದಿತ್ತು.
ಚಾಟ್ನಿಯಾಗಿ ಮೂವತ್ತೆರಡು ದಿನದ ಬಳ್ಳಿ,
ದ್ರಾಕ್ಷಿ ಗೊಂಚಲ ಈಗಷ್ಟೇ ಕಣ್ಣು ಬಿಡತಿದ್ವು.
ಇಂಥಾ ಮಬ್ಬಿನ್ಯಾಗ ಡೌನಿ
ಕೇಳಿ ಬರಂಗಿಲ್ಲ, ಹೇಳಿದ್ರ ಹೋಗಂಗಿಲ್ಲ.
ಆರು ನೂರು ಲೀಟರ್ ಔಷಧ ಕಲಸಿ
ಬ್ಲೋವರ್ ತುಂಬಿಸಿ ನಿಂತೀವಿ,
ಟ್ರ್ಯಾಕ್ಟರ್ ಮಾತ್ರ ಒಲ್ಲೆ ಅಂತು.

ಕಿಲ್ಲಿ ತಿರುವಿದರ ಸೆಲ್ಫ್ ತಿರುಗತೈತಿ,
ಹೆಡ್‌ಲೈಟ್ ಝಗ್ ಅಂತೈತಿ, ಬ್ಯಾಟ್ರಿ ಗಟ್ಟಿ.
ಖೊರ್ ಖೊರ್ ಅಂತ ಕೆಮ್ಮಿ
ಇನ್ನೇನು ಹಿಡೀತು ಅನ್ನೂದ್ರಾಗ
ತಣ್ಣಗ.

ಸಾಂಗಲಿ ಪಾಸಿಂಗಿನ ಗಾಡಿ, ಎಂ.ಎಚ್. ಹತ್ತು,
ಮಡಗಾರ್ಡಿನ ಮ್ಯಾಲ ಯಾರದೋ ತಾಯಿಯ ಹೆಸರು ಇನ್ನೂ ಅಳಿಸಿಲ್ಲ.
ಕನ್ನಡದಾಗ ಬೈದು ಸಾಕಾಗಿ
ಮುದಕಪ್ಪ ಮರಾಠಿಯಾಗ ಶುರು ಮಾಡಿದ.
ಅದಕ್ಕೂ ಬಗ್ಗಲಿಲ್ಲ.

ತಿಕೋಟಾದ ಮಿಸ್ತ್ರಿಗೆ ಫೋನ್ ಹಚ್ಚಿದೆ.
ಹೆಸರು ಬಂದೇನವಾಜ.
ಬಂದೆ, ಬಂದೆ ಅಂತಾನ; ಬರೂದು ಉಣ್ಣೂ ಹೊತ್ತಿಗೆ.
"ನಿಂಬೆಕ್ಕಾ, ಫೋನ್ ಎಂಜಿನ್ ಹಂತ್ಯಾಕ ಹಿಡಿ" ಅಂದ.
ಹಿಡಿದೆ. ಕೂಸಿನ ಎದಿ ಕೇಳೋ ಡಾಕ್ಟರನಂಗ
ಒಂದು ಗಳಿಗಿ ಸುಮ್ಮನಿದ್ದ.
ಆ ಕಡೆ ಯಾರೋ ಕೊಡ ಇಳಿಸಿದ ಸಪ್ಪಳ, ಒಂದು ಕೋಳಿ.
ಆಮ್ಯಾಲ ಅಂದ: "ಗಾಳಿ ಹೊಕ್ಕೈತಿ. ಗಾಳಿ ತೆಗಿ."

ಫೋನ್ ಸ್ಪೀಕರಿನ್ಯಾಗಿತ್ತು. ಅತ್ತಿ ಕೇಳಿಸಿಕೊಂಡ್ರು.
ಒಳಗಿಂದ ಉಪ್ಪು, ಮೆಣಸಿನಕಾಯಿ, ಕಸಬರಿಗಿ ಕಡ್ಡಿ ತಂದು
ಬಾನೆಟ್ಟಿಗೆ ಮೂರು ಸಲ ಇಳಿ ತೆಗೆದ್ರು.
ನಾನು ಬ್ಯಾಡ ಅನ್ನಲಿಲ್ಲ;
ಹದಿನಾಲ್ಕು ನಂಬರಿನ ಪಾನಾ ಹುಡುಕತಿದ್ದೆ.

ಫಿಲ್ಟರಿನ ನೆತ್ತಿಯ ಬೋಲ್ಟು ಸಡಿಲ ಮಾಡಿ
ಪಂಪಿನ ಗುಂಡಿ ಒತ್ತಿದೆ, ಒತ್ತಿದೆ.
ನೊರಿ ಬಂತು, ಗುಳ್ಳಿ ಬಂತು,
ಕಡೀಕ ತಿಳಿ ಎಣ್ಣಿ ದಾರದಂಗ ಬಂತು.
ಬಿಗಿದು ಕಿಲ್ಲಿ ತಿರುವಿದರ ಗುಡುಗು!
ಅತ್ತಿ ನನ್ನ ಕಡೆ ನೋಡಿದ್ರು,
ಬಿಡಿಸಿದ್ದು ಯಾರು ಅನ್ನೋ ನೋಟ.
ಎರಡು ಸಾಲು ದಾಟೂದ್ರಾಗ
ಮತ್ತ ತಣ್ಣಗ.

ಮತ್ತ ಪಾನಾ, ಮತ್ತ ನೊರಿ, ಮತ್ತ ಎರಡು ಸಾಲು.
"ಮೊದಲ ಡೀಸೆಲ್ ಐತೋ ಇಲ್ಲೋ ನೋಡ್ರಿ" ಅಂದ ಮುದಕಪ್ಪ,
ನೋಡಬೇಕಾದವ ತಾನೇ ಅನ್ನೂದು ಮರೆತು.
ಟಾಕಿಯ ಮುಚ್ಚಳ ತಿರುವಿದೆ.
ಸ್ಸ್ಸ್ಸ್...
ಬಾಗಿಲ ಹಾಕ್ಕೊಂಡು ಅಳತ ಕುಂತಾಕಿ
ಚಿಲಕ ತೆಗೆದು ಮೊದಲ ಎಳಕೊಳ್ಳೋ ಉಸಿರು.
ಹೊರಗ ಬಂದ ಗಾಳಿಯಲ್ಲ ಅದು, ಒಳಗ ಹೋದದ್ದು.

ಗಾಳಿ ಹೊಕ್ಕದ್ದಲ್ಲ ರೋಗ,
ಗಾಳಿ ಇಲ್ಲದ್ದು.

ಮುಚ್ಚಳ ಬೋರಲ ಹಾಕಿ ನೋಡಿದೆ.
ಉಸಿರಾಡೋ ತೂತಿನ ಬಾಯಿಗೆ
ಜ್ವಾಳದ ಕಾಳಿನಷ್ಟು ಮಣ್ಣು,
ನುಣ್ಣಗ ಸಾರಿಸಿದ್ದು, ಬೆರಳಿಲ್ಲದಾಕಿ ಸಾರಿಸಿದ್ದು.
ಕುಂಬಾರಹುಳ.
ಬಳಿಯಾಗಿನ ಪಿನ್ನ ಬಿಚ್ಚಿ ಕೆದರಿದೆ.
ಒಳಗ ಮೂರು ಹಸರು ಕೀಡಿ, ಸತ್ತಿಲ್ಲ, ಅಲ್ಲಾಡಂಗಿಲ್ಲ,
ನಮ್ಮ ಬಳ್ಳಿಯ ಎಲಿ ತಿಂದು ಬೆಳೆದವು.
ಅವುಗಳ ನಡುವ ನುಚ್ಚಿನಂಥದ್ದೊಂದು ಬಿಳಿ ಮರಿ.
ನಾವು ಆರು ನೂರು ಲೀಟರ್ ಕಲಸೂ ಮೊದಲೇ
ಆಕಿ ತ್ವಾಟ ಸುತ್ತಿ, ಒಂದೊಂದೇ ಆರಿಸಿ,
ಕೂಸಿನ ಬುತ್ತಿ ಕಟ್ಟಿಟ್ಟು ಹೋಗಿದ್ಲು.

ಪಿನ್ನ ಸೀರಿಗೆ ಒರಸಿದೆ.
ಮಣ್ಣು, ಮರಿ, ಕೀಡಿ ಎಲ್ಲಾ ಒಂದು ಎಲಿಗೆ ಸುರುವಿ
ಶೆಡ್ಡಿನ ಗ್ವಾಡಿ ಸಂದಿಗೆ ಇಟ್ಟೆ.
ಉಳೀತೈತಿ ಅಂತಲ್ಲ.

ಬಂದೇನವಾಜ ಬಂದಾಗ ಹತ್ತೂವರಿ.
ಗಾಡಿ ನಿಂತಿದ್ದ ಜಾಗದಾಗ, ಎಣ್ಣಿ ಕಲೆಯ ಮ್ಯಾಲ,
ಸರಿಯಾಗಿ ಟಾಕಿಯಷ್ಟು ಎತ್ತರದಾಗ
ಒಂದು ಹುಳ ಬಾಯಾಗ ಹಸಿ ಮಣ್ಣು ಹಿಡಕೊಂಡು
ಸುತ್ತತಿತ್ತು.
"ಎಲ್ಲೈತಿ ಟ್ರ್ಯಾಕ್ಟರು?" ಅಂದ, ಪಾನಾದ ಚೀಲ ಇಳಿಸಿ.
"ಹದಿನೇಳನೇ ಸಾಲಿನ್ಯಾಗ."
ಕಿವಿಗೊಟ್ಟು ಕೇಳಿದ, ತಲಿ ತೂಗಿದ.
"ನಾ ಹೇಳಿದ್ದಿಲ್ಲ? ಗಾಳಿ."
ಚಹಾಕ್ಕ ಇಟ್ಟೆ.