ಕಣ್ಣು ಮ್ಯಾಲ

ರಾತ್ರಿ ಕಡೋಲಿ ಮ್ಯಾಲ ಮಳಿ ಹೊಯ್ದು ಹೋಗಿತ್ತು.
ಮುಟಗಿ ಹಿಡದರ ಮಣ್ಣು ಉಂಡಿ ಆಗಬೇಕು,
ಬಿಟ್ಟರ ಒಡೀಬೇಕು, ಅದ ಹದಾ.
ಭೂಪಾಲಣ್ಣ ಎರಡು ಸಲ ಹಿಡದು ನೋಡಿ
ರಂಟಿ ಹೂಡಿದ.

ನಾವು ಬೇವಿನ ಬುಡಕ, ಗೋಣಿತಟ್ಟಿನ ಮ್ಯಾಲ,
ಈಳಿಗಿಮಣಿ ತುಳದು ಬಟಾಟಿ ಹೆಚ್ಚತಿದ್ವಿ.
ಹೋಳಿಗೆ ಎರಡು ಕಣ್ಣು.
ಒಂದ ಉಳದರ ‘ಒಕ್ಕಣ್ಣ’ ಅಂತ
ಆಚಿ ಒಗೀತಿದ್ಲು ಗಂಗವ್ವ.
ಹೆಚ್ಚಿದ ಮಾರಿಗೆ ಒಲಿಬೂದಿ,
ವಿಭೂತಿ ಬಳದಾಂಗ.

ಲೆಕ್ಕ ಸುಗಂಧಕ್ಕನದು.
ಬೆಳಗಾವಿ ಪೇಟ್ಯಾಗ ದರಾ ಹರದು ಬೀಜ ತಂದಾಕಿ
ಬುಟ್ಟಿ ಬುಟ್ಟಿಗೆ ಕೈಹಾಕಿ ಮುಟ್ಟಿ ನೋಡತಾಳ.
ಯಾವುದು ಮೊಳೀತದ, ಯಾವುದು ಕೊಳೀತದ
ಬೆರಳಿಗೆ ಗೊತ್ತು.
ನಾಲಿಗಿಗೆ ಗೊತ್ತಿಲ್ಲ.
ನೆಲದೊಳಗಿನದು ಉಣ್ಣಾಂಗಿಲ್ಲ ಅವರು,
ಒಂದು ಗಡ್ಡ್ಯಾಗ ಅನಂತ ಜೀವ ಅಂತ.

ಅನಂತ ಅಂದರ ಎಷ್ಟರೀ ಅಕ್ಕಾ?
ನಾ ಎಣಿಸಿದ್ದು ಎಂಟು, ಭಾಳಂದರ ಒಂಬತ್ತು.
ನಕ್ಕಳು. “ಕೈ ನಡಸು.”

ಎತ್ತಿನ ಹಿಂದ ರಂಟಿ, ರಂಟಿ ಹಿಂದ ನಾನು.
ಹೆಬ್ಬೆರಳಿಗೆ ಹಿಮ್ಮಡ ಹಚ್ಚಿ ಒಂದು ಹೆಜ್ಜಿ, ಒಂದು ಹೋಳು,
ಬೂದಿ ಕೆಳಗ, ಕಣ್ಣು ಮ್ಯಾಲ.
ಹಗ್ಗ ಇಲ್ಲ, ಗೂಟ ಇಲ್ಲ.
ನನ್ನ ಪಾದ ಗಿಡ್ಡ, ಅದಕ್ಕ
ನಾ ನಡದ ಸಾಲು ಒತ್ತಾಗತಾವಂತ
ಭೂಪಾಲಣ್ಣನ ತಕರಾರು.
ಕೆಂದ ಹೊಳ್ಳಿ ಬರೂದರೊಳಗ
ಆಚಿ ಸಾಲಿನ ಮಣ್ಣು ಈಚಿ ಸಾಲಿಗೆ ಬಿದ್ದು
ಇಟ್ಟದ್ದೆಲ್ಲಾ ಮಾಯ.

ಮಧ್ಯಾಹ್ನ ಬುತ್ತಿ ಬಿಚ್ಚಿದ್ವಿ.
ನಂದು ರೊಟ್ಟಿ,
ನಿನ್ನಿ ಒಗದ ಒಕ್ಕಣ್ಣಗಳ ಪಲ್ಯ.
ಹೆಸರಕಾಳು ಮುಂದಿಟಗೊಂಡು ಕುಂತ ಸುಗಂಧಕ್ಕ
ಗಂಗವ್ವ ನೀರಿಗೆ ಹೋದದ್ದು ನೋಡಿ ಕೇಳಿದಳು,
“ಹೆಂಗಿರತದ ಅದು?”

ನಲವತ್ತು ವರ್ಷ ಊರಿದಾಕಿ.
ಏನ ಹೇಳಲಿ. ಉಪ್ಪು ಹಾಕಿದರ ಉಪ್ಪು,
ಖಾರಾ ಹಾಕಿದರ ಖಾರಾ,
ತನ್ನದಂತ ಏನೂ ಇಲ್ಲ ನೋಡ್ರಿ, ಅಂದೆ.
ಅಂದ ಮ್ಯಾಲ ಸುಳ್ಳು ಅನಸ್ತು.
ಮಳಿ ಬಂದ ಮರುದಿನದ ಮಣ್ಣಿನ ವಾಸನಿ
ಬಾಯಾಗ ಬಂದಾಂಗ, ಅನಬೇಕಿತ್ತು.
ಅಷ್ಟರಾಗ ಆಕಿ
ಕೈ ತೊಳದು ಎದ್ದಿದ್ದಳು.

ಹೊತ್ತು ಮುಳುಗೂದರೊಳಗ ಉಣಬೇಕು ಅವರು.
ಮನಿಗೆ ಹೊಂಟಾಕಿ ಬದುವಿನ ಮ್ಯಾಲ ತಡದಳು,
ಗಂಗವ್ವ ಒಗದ ರಾಶ್ಯಾಗಿಂದ
ಒಂದು ಒಕ್ಕಣ್ಣ ಆರಿಸಿ
ಬದುವಿನ ಬುಡಕ, ಸಾಲು ಇಲ್ಲದಲ್ಲಿ,
ಹೆಬ್ಬೆರಳಿಲೆ ಒತ್ತಿದಳು.
ವಹಿಯೊಳಗ ಅದನ್ನ ಬರೀಲಿಲ್ಲ.

ಆಮ್ಯಾಲ ಆ ಬೆರಳು
ಮೂಗಿನ ಹಂತೇಕ ಒಯ್ದಳು.
ಭೂಪಾಲಣ್ಣ ಆ ಕಡೆ ಮಾರಿ ಮಾಡಿ
ಎತ್ತಿನ ಕೊಳ್ಳು ಬಿಚ್ಚತಿದ್ದ.