ಸಾಣಿಗಿ

ಗಂಜಿನ ಬ್ಯಾಳಿ ಮಿಲ್ಲಿನ ಮ್ಯಾಲ ನನ್ನ ಖೋಲಿ.
ಮುಂಜಾನೆ ಆರಕ್ಕ ಮೋಟರ್ ಚಾಲೂ.
ಟೇಬಲ್ ನಡಗ್ತದ, ಚಹಾದಾಗ ಸುತ್ತಸುತ್ತ ಅಲಿ,
ಗೋಡಿಗೆ ಹಚ್ಚಿದ ಗ್ರಾಫಿನ ಶಿಖರದ ಮ್ಯಾಲೂ ತೊಗರಿ ಧೂಳು.

ಕಾಲೇಜಿನ ಹುಡುಗ್ಯಾರಿಗೆ ಹೇಳೂದು ಸರಳ ಇತ್ತು:
ಮೆಸಾನ್ ಅಂದ್ರ ತೊಗರಿ ಕಾಳು,
ಸಿಪ್ಪಿಯೊಳಗ ಎರಡು ಬ್ಯಾಳಿ, ಕ್ವಾರ್ಕು, ಪ್ರತಿಕ್ವಾರ್ಕು.
ಇಲ್ಲಿ ಒಡದ್ರ ಬ್ಯಾಳಿ ಬರ್ತದ,
ಅಲ್ಲಿ ಒಡದ್ರ
ಒಡಿಯೋ ಜೋರೇ ಬ್ಯಾಳಿಯಾಗಿ
ಕೈಗೆ ಮತ್ತ ಎರಡು ಇಡೀ ಕಾಳು.
ಒಂಟಿ ಬ್ಯಾಳಿ ಯಾರೂ ಕಂಡಿಲ್ಲ.

ಆಮ್ಯಾಲ ಆ ನಾಕರದ್ದು ಬಂತು.
ಇಪ್ಪತ್ತು ವರ್ಷದ ಮ್ಯಾಲಾತು ಸಿಕ್ಕು,
ಏನಂತ ಕರೀಬೇಕು ತಿಳೀದೆ ಎಕ್ಸ್ ಅಂದ್ರು.
ನಾಕೂ ಒಂದೇ ಸಿಪ್ಪಿಯಾಗ ಒತ್ತಿಕೊಂಡು ಕುಂತಾವೋ,
ಎರಡು ಕಾಳು ಬರೇ ತಾಗಿ ನಿಂತಾವೋ?
ತೂಗಿದ್ರು.
ಎರಡು ಕಾಳಿಂದು ಎಷ್ಟೋ ಇದರದ್ದೂ ಅಷ್ಟೇ, ಮುಳ್ಳು ಅಲುಗಲಿಲ್ಲ.
ಕೂಡೂದಕ್ಕ ಕೊಡಬೇಕಾದ ದಲಾಲಿ
ಲೆಕ್ಕದಾಗ ಕಾಣಲೇ ಇಲ್ಲ.

ಕರೆಂಟ್ ಹೋದಾಗ ರಸೂಲಬೀ ಮ್ಯಾಲ ಬಂದ್ಲು,
ಅಂಗೈಯಾಗ ಒಂದು ಜೋಡಿಕಾಳು.
"ಟೀಚರಬಾಯಿ, ನಿಮ್ಮ ಬುಕ್ಕಿನಾಗ ಇದಕ್ಕ ಏನಂತಾರ?"
ನಾ ನಾಕರ ಕತಿ ಹೇಳ್ದೆ, ತೂಕದ ಕತಿನೂ ಹೇಳ್ದೆ.
ಸೆರಗಿನ ತುದಿಲೆ ಮೂಗಿನ ಧೂಳು ಒರಿಸಿಕೊಂಡು ಅಂದ್ಲು,
"ತೂಗಿ ಏನ್ ತಿಳೀತದ್ರಿ?
ಬೆಳದು ಕೂಡಿದ್ದು, ಬಿದ್ದು ತಾಗಿದ್ದು, ತಕ್ಕಡಿಗೆ ಎರಡೂ ಒಂದೇ.
ಸಾಣಿಸ್ರಿ.
ಒಂದೇ ಸಿಪ್ಪಿದಿದ್ರ ಸಣ್ಣ ಕಣ್ಣಿಂದು ದಾಟ್ತದ,
ಬರೇ ತಾಗಿದ್ರ ಅಡ್ಡಾಗಿ ಮ್ಯಾಲೇ ಕುಂದ್ರತದ."

ಎಂಟು ತಿಂಗಳಿಂದ ನಾ ಬರ್ಕೊಂಡು ಕುಂತಿದ್ದರ ಅರ್ಧ ಅದೇ.
ಸಡಿಲಿದ್ದದ್ದು ದೊಡ್ಡದು,
ಒಂದರ ಕೈ ಇನ್ನೊಂದಕ್ಕ ಎಟಕೂದೋ ಇಲ್ಲೋ ಅನ್ನೂವಷ್ಟು ದೊಡ್ಡದು.
ಖರೇ, ಅಂದೆ, ಸಾಣಿಗಿಗೆ ಹಾಕೂತನಕ ಅದು ಇರಂಗಿಲ್ಲ.
"ಇರಲಾಕ ಏನಾಗ್ಯದ ಅದಕ್ಕ?"
ರೆಪ್ಪಿ ಬಡಿಯಲಾಕ ಮನಸ್ಸು ಮಾಡೂದ್ರೊಳಗ ಮುರದು ಹೋಗ್ತದ.
ನಮಗ ಸಿಗೂದು ಬರೇ ಹೊಟ್ಟು. ಅದನ್ನೇ ಎಣಿಸ್ತೀವಿ.

"ಹೊಟ್ಟ ನೋಡಿ ಕಾಳು ಹೇಳ್ತೀರಿ?"
ಹೂಂ ಅಂದೆ.
ಆಕಿ ನಕ್ಕಿದ್ದು ನನಗ ಸ್ವಲ್ಪ ಚುಚ್ಚಿತು.
"ನಂದೂ ಅದೇ ಕೆಲಸ. ಮುಟಗಿ ಹೊಟ್ಟ ಕೊಡ್ರಿ,
ಆಳಂದದ ತೊಗರಿನೋ ಚಿತ್ತಾಪುರದ್ದೋ ಹೇಳ್ತೀನಿ.
ಒಮ್ಮೊಮ್ಮಿ ತಪ್ತದ."

ಕೆಳಗ ಮೋಟರ್ ಹತ್ತಿತು, ಆಕಿ ಓಡಿದ್ಲು.
ಬಿಟ್ಟುಹೋದ ಜೋಡಿಕಾಳು ಟೇಬಲ್ ಮ್ಯಾಲ
ನಡಗ್ತಾ, ನಡಗ್ತಾ, ಅಂಚಿಗೆ ಸರಿಲಾಕತ್ತಿತು.
ಹಿಡೀಲಿಲ್ಲ ನಾ.
ಬಿದ್ದ ಸಪ್ಪಳ ಒಂದೋ ಎರಡೋ
ಕೇಳಬೇಕಂತ ಕಿವಿಗೊಟ್ಟು ಕುಂತೆ.
ಮಿಲ್ಲಿನ ಸಪ್ಪಳದಾಗ ಏನೂ ಕೇಳಲಿಲ್ಲ.