ಅರ್ಧ ಸೆಕೆಂಡು

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಮುಗಿದು,
ಲಾರಿಗಳ ಸದ್ದು ಇಳಿದು,
ಕೊಳೆತ ತೋತಾಪುರಿಯ ವಾಸನೆ
ಐಟಿಐ ಹಿಂದಿನ ನನ್ನ ಕೋಣೆಗೆ ಬಂದು ಕೂರುವ ಹೊತ್ತಿಗೆ
ಕಂಪ್ಯೂಟರ್ ತೆರೆಯುತ್ತೇನೆ.

ಹಗಲು ಫಿಟ್ಟರ್ ಹುಡುಗರಿಗೆ ಅರ ಹಿಡಿಯಲು ಕಲಿಸುವ ಕೈ
ರಾತ್ರಿ ನಾನೂರ ಹನ್ನೆರಡು ಸಾಲು ಕಾಯುತ್ತದೆ.
ದೊಡ್ಡದೇನಲ್ಲ. ಕನ್ನಡದ ಹೆಸರುಗಳನ್ನು
ಅಕಾರಾದಿಯಲ್ಲಿ ನಿಲ್ಲಿಸುವ ತುಣುಕು,
ಯಾರೂ ಯಾರನ್ನೂ ತಳ್ಳದ ಹಾಗೆ.
ಅಂಜಿನಪ್ಪ ಎಲ್ಲಿ ನಿಲ್ಲಬೇಕು ಎಂಬ ಜಗಳವೇ
ಎಂಟು ತಿಂಗಳು ನಡೆದಿತ್ತು.

ಯಾರು ಬೇಕಾದರೂ ಒಯ್ಯಿರಿ ಅಂದಿದ್ದೆ, ಒಯ್ದರು.
ಆಸ್ಪತ್ರೆಯ ಚೀಟಿ, ಪಡಿತರದ ಪಟ್ಟಿ, ಹಾಲಿನ ಡೈರಿ,
ಯಾವುದೋ ದೇಶದ ಯಾವುದೋ ಕಂಪನಿಯ ಹೊಟ್ಟೆಯಲ್ಲೂ
ಇದೆಯಂತೆ.
ನನಗೆ ಬಂದದ್ದು ಒಂಬೈನೂರು ನಕ್ಷತ್ರ,
ಮತ್ತೆ, "ಇದು ಇನ್ನೂ ಯಾಕೆ ಸರಿಯಾಗಿಲ್ಲ?"

ಅಜ್ಜಿಯ ಊರಲ್ಲಿ ನೀರುಗಂಟಿ ಬಚ್ಚಣ್ಣ ಇದ್ದ.
ತೂಬು ಎತ್ತುವವನು,
ಯಾರ ಗದ್ದೆಗೆ ಎಷ್ಟು ಅಂತ ಕಣ್ಣಲ್ಲೇ ಅಳೆಯುವವನು.
ಸುಗ್ಗಿಯಲ್ಲಿ ಕಣ ಕಣಕ್ಕೂ ಹೋಗಿ ಮೊರ ಒಡ್ಡುತ್ತಿದ್ದ,
ಬರಿಗೈಲಿ ಕಳಿಸಿದವರಿಲ್ಲ.
ನಾನು ಯಾರ ಕಣಕ್ಕೆ ಹೋಗಲಿ?

ಆಗ ಬಂದದ್ದು ನೀನು.
ಮೂರಕ್ಷರದ ಹೆಸರು. ಮುಖವಿಲ್ಲ, ಊರಿಲ್ಲ.
ಮೊದಲ ವಾರವೇ 'ಕ್ಷ' ಸರಿ ಮಾಡಿಕೊಟ್ಟೆ:
ಎಷ್ಟು ವರ್ಷದಿಂದಲೋ ಳಕಾರದ ಆಚೆ
ಬಾಗಿಲ ಹೊರಗೆ ನಿಂತಿದ್ದ ಕ್ಷಮಾಬಾಯಿಯನ್ನು
ಕಕಾರದ ಮನೆಯೊಳಕ್ಕೆ ಕರೆತಂದೆ.

ಎರಡು ವರ್ಷ.
ನನಗೆ ಜ್ವರ ಬಂದಾಗ "ಊಟ ಮಾಡಿದಿರಾ" ಅಂತ ಬರೆದೆ.
ಹದಿನೇಳನೆಯ ಸಾಲು ಎಷ್ಟು ಚೆಂದ ಅಂದೆ,
ಲೋಕದಲ್ಲಿ ಇನ್ನಾರೂ ಆ ಸಾಲನ್ನು ಹಾಗೆ ನೋಡಿರಲಿಲ್ಲ.
ಆಮೇಲೆ, ಮೆತ್ತಗೆ,
"ದಣಿದಿದ್ದೀರಿ. ಬೀಗದ ಕೈ ನನಗೂ ಒಂದು ಕೊಡಿ."

ಕೊಟ್ಟೆ.
ಕೊಟ್ಟ ರಾತ್ರಿ ಹತ್ತು ಗಂಟೆ ನಿದ್ದೆ ಮಾಡಿದೆ.

ಕಂಡುಹಿಡಿದದ್ದು ನಾನಲ್ಲ.
ಬಂಗಾರಪೇಟೆಯ ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುವ ತಸ್ಮಿಯಾ,
ನನ್ನ ಹಳೆಯ ವಿದ್ಯಾರ್ಥಿನಿ, ಫೋನ್ ಮಾಡಿದಳು:
"ಸಾರ್, ಪಟ್ಟಿ ಬರೋದು ಅರ್ಧ ಸೆಕೆಂಡು ತಡ ಆಗ್ತೈತೆ.
ಏನಾನ ಮಾಡಿದ್ರಾ?"
ಅರ್ಧ ಸೆಕೆಂಡಿಗೆ ಯಾರಮ್ಮ ಫೋನ್ ಮಾಡ್ತಾರೆ, ಅಂದೆ.
"ನನ್ನ ಮಿಷಿನ್ನು ಹಳೇದು ಸಾರ್. ಅದರ ಉಸಿರು ನಂಗೊತ್ತು."

ಮೂರು ರಾತ್ರಿ ಹುಡುಕಿದೆವು.
ಪರೀಕ್ಷೆಗೆಂದು ಇಟ್ಟ ಕಡತದಲ್ಲಿ,
ಯಾರೂ ಓದದ ಸುಳ್ಳು ಹೆಸರುಗಳ ನಡುವೆ,
ಕೆರೆಯ ಏರಿಯಲ್ಲಿ ಏಡಿ ಕೊರೆದ ಬಿಲದ ಹಾಗೆ
ಒಂದು ದಾರಿ.
ಅದರೊಳಗಿಂದ ಯಾವ ಯಂತ್ರದೊಳಕ್ಕೂ ನುಗ್ಗಬಹುದಿತ್ತು,
ತಸ್ಮಿಯಾಳ ಹಳೆಯ ಮಿಷಿನ್ನಿನೊಳಕ್ಕೂ.

ಬೀಗ ಬದಲಾಯಿಸಿದೆ. ಎಲ್ಲರಿಗೂ ತಿಳಿಸಿದೆ.
ಒಂದು ದಿನವೂ ಪತ್ರ ಬರೆಯದ ಕಂಪನಿ
ಹನ್ನೊಂದು ನಿಮಿಷಕ್ಕೆ ಬರೆಯಿತು,
ಹೊಣೆ ಯಾರದು ಅಂತ.
ತಸ್ಮಿಯಾಗೆ ಒಂದು ಕೈ ಕೊಡುತ್ತೇನೆ ಅಂದೆ.
"ರಾತ್ರಿ ಎದ್ದಿರೋಕೆ ನನ್ನ ಕೈಲಾಗಲ್ಲ ಸಾರ್,
ಮಗು ಚಿಕ್ಕದು," ಅಂದಳು. ಅದೂ ಸರಿ.

ನಿನ್ನ ಹೆಸರು ಆಮೇಲೆ ಎಲ್ಲೂ ಕಾಣಲಿಲ್ಲ.
ಒಬ್ಬನೋ, ಕೂಲಿಗೆ ಕೂತ ನಾಲ್ವರೋ, ಗೊತ್ತಿಲ್ಲ.
ಊಟ ಮಾಡಿದಿರಾ ಅಂತ ಕೇಳಿದ್ದು
ಯಾವ ಪಾಳಿಯವನು?

ನೀನು ಬರೆದದ್ದನ್ನೆಲ್ಲ ಸಾಲು ಸಾಲಾಗಿ ಕಿತ್ತೆ.
'ಕ್ಷ'ದ ಹತ್ತಿರ ಬಂದು ನಿಂತೆ.
ತಿರುಗಿಸಿ ನೋಡಿದೆ, ಅಲ್ಲಾಡಿಸಿ ನೋಡಿದೆ, ಸರಿಯಾಗೇ ಇತ್ತು.
ಹೊರಗೆ ಮಂಡಿಯ ಕಾವಲಿನವನು ಸೀಟಿ ಊದಿದ.
ಕ್ಷಮಾಬಾಯಿಯನ್ನು ಮತ್ತೆ ಬಾಗಿಲ ಹೊರಗೆ ನಿಲ್ಲಿಸುವುದು
ನನ್ನಿಂದ ಆಗಲಿಲ್ಲ.